ಹಣೆ ತೋರಿಸುತ್ತಿದ್ದ ಸಂಗಪ್ಪ ಸರ್

ಸಂಗಪ್ಪ ಸರ್ ಅವರ ಹಣೆ ಭಾರಿ ಅಗಲ. ಎದುರಿಗೆ ಯಾರಾದರೂ ‘ಹಣೆಬರಹ’ ಎಂದರೆ ಸಾಕು, ತಲೆ ಬಗ್ಗಿಸಿ ಆ ಹಣೆಯನ್ನು ಅವರ ಮೂಗಿನ ಹತ್ತಿರ ಒಯ್ಯುತ್ತಿದ್ದರು. “ಓದ್ರಿ ನೋಡೂನು, ಏನ್ ಬರದೈತಿ?” ಅಲ್ಲಿ ವಿಭೂತಿ ಬಿಟ್ಟರೆ ಏನಿರುತ್ತಿತ್ತು, ಮಣ್ಣು! “ಇದೊಂದ ಬರಹ. ದಿನಾ ಮುಂಜಾನಿ ನಾನ ಬರಕೋತೇನಿ,” ಎನ್ನುತ್ತಿದ್ದರು.

ಬಾದಾಮಿಯಲ್ಲಿ ನಮ್ಮ ಪಕ್ಕದ ಮನೆಯವರು. ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರು. ಮಾಡಿದ್ದನ್ನು ಮನುಷ್ಯ ತಾನೇ ಮಾಡಿದನೋ, ಮೊದಲೇ ಗೊತ್ತಾದದ್ದು ಅವನ ಕೈಯಿಂದ ಆಯಿತೋ ಎಂಬ ಒಂದೇ ವಾದವನ್ನು ಕಟ್ಟೆಯ ಮೇಲೆ ಕೂತು ಊಟದ ಹೊತ್ತಿನ ತನಕ ಎಳೆಯುವವರು. ನನಗಂತೂ ತಲೆ ಚಿಟ್ಟು ಹಿಡಿಯುತ್ತಿತ್ತು. ಬರೀ ಬಾಯಿಮಾತಿನ ಶೂರ ಎಂದುಕೊಂಡಿದ್ದೆ.

ಹಾಗಲ್ಲ ಎಂದು ಗೊತ್ತಾದದ್ದು ಅಪಘಾತದ ನಂತರ. ಬಾಲ್ಯದ ಗೆಳೆಯ, ದರ್ಜಿ ಹಸನ್‌ಸಾಬನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದರು. ಕುಳಗೇರಿ ಕ್ರಾಸಿನಲ್ಲಿ ಚಹಾ ಕುಡಿದು ಹೋಗೋಣ ಎಂದು ಆತ ಹೇಳಿದ. ನಿದ್ದೆಗೆ ಕಣ್ಣು ಎಳೆಯುತ್ತಿದ್ದರೂ ಸರ್ ಒಲ್ಲೆ ಎಂದರು. ಮುಂದಿನ ತಿರುವಿನಲ್ಲಿ ತೂಕಡಿಸಿ ಬೇವಿನ ಗಿಡಕ್ಕೆ ಗುದ್ದಿದರು. ಇವರಿಗೆ ಕೈಗಷ್ಟೇ ಪೆಟ್ಟು. ಹೊಲಿಗೆ ಮಷಿನ್ ತುಳಿಯುವ ಹಸನ್‌ಸಾಬನ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು.

ಆ ಜಾಗವೇ ಸರಿಯಿಲ್ಲ ಎಂದು ಜನ ಗಿಡಕ್ಕೆ ನಿಂಬೆಹಣ್ಣು ಕಟ್ಟಿದರು. ನಾಯಿ ಅಡ್ಡ ಬಂತೆಂದು ಹೇಳಿರಿ ಎಂದು ವಕೀಲರು ಕಲಿಸಿಕೊಟ್ಟರು. ಸರ್ ಕೈಗೆ ಪಟ್ಟಿ ಕಟ್ಟಿಕೊಂಡೇ ಹೋಗಿ ನಿಂಬೆಹಣ್ಣು ಕಿತ್ತೆಸೆದರು. “ಗಿಡಾ ಎಲ್ಲಿತ್ತೋ ಅಲ್ಲೇ ಐತಿ. ಅದರ ಮ್ಯಾಲ ಹೋದಾಂವ ನಾ.” ಪೊಲೀಸರೆದುರೂ ಅದನ್ನೇ ಹೇಳಿದರು.

ಅವರನ್ನು ಪೇಚಿಗೆ ಸಿಕ್ಕಿಸಿದವನು ಹಸನ್‌ಸಾಬನೇ. ನಸೀಬಿನಲ್ಲಿತ್ತು, ಬಿಡ್ರಿ ಸರ್ ಎಂದು ನಕ್ಕುಬಿಟ್ಟ. ಸರ್ ಅವನ ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟರು.

“ಎಲ್ಲಾ ನಸೀಬಾನ ಮಾಡಿದ್ರ, ನಾ ತಪ್ಪಾತು ಅಂತ ಯಾರ ಮುಂದ ಹೇಳ್ಲೋ?”

ಆತ ಕಾಲಿನ ಮೇಲಿದ್ದ ಚಾದರ ಸರಿಸಿದ. ಆಮೇಲೆ, ಸಾಲೆ ಬಿಟ್ಟ ಮೇಲೆ ಮೊದಲ ಸಲ ಏಕವಚನಕ್ಕೆ ಇಳಿದ. “ನಿದ್ದಿ ಬಂದ್ರ ಗಾಡಿ ನಿಂದ್ರಸಬೇಕಿಲ್ಲೇನಲೇ ಸಂಗ್ಯಾ? ನನ್ನ ಕಾಲ ತಗದಿ ನೀ.” ಸರ್ ಬೈಸಿಕೊಳ್ಳುತ್ತಲೇ ಅತ್ತರು. ಎಷ್ಟೋ ದಿನದ ಮೇಲೆ ಅಂದು ಮನೆಗೆ ಬಂದು ಹೊಟ್ಟೆ ತುಂಬ ಉಂಡರು.

ಸರ್ ಅವರೊಂದಿಗೆ ನನ್ನ ಕೊನೆಯ ಭೇಟಿ ಕೆಲವು ವರ್ಷಗಳ ಮೇಲೆ, ಬಾಗಲಕೋಟೆಯ ದವಾಖಾನೆಯಲ್ಲಿ. ಹೊಟ್ಟೆಯಲ್ಲಿ ಕ್ಯಾನ್ಸರ್. ನೋಡಲು ಬಂದ ಬೀಗರೊಬ್ಬರು, ಗೆಳೆಯನ ಕಾಲು ಕಳೆದ ಕರ್ಮ ಹೀಗೆ ತಿರುಗಿ ಬಂತು ಎಂದರು. ನನಗೆ ಮೈ ಉರಿಯಿತು. ಸರ್ ಎದ್ದು ಕೂರಲು ನೋಡಿದರು, ಆಗಲಿಲ್ಲ.

“ಕಾಲ ತಗದಾಂವ ನಾ. ಅದನ್ನ ಸಾಯೂಮಟಾ ಹೊರ್ತೇನಿ. ಈ ಬ್ಯಾನಿ ನಾ ಮಾಡಿದ್ದಲ್ಲ. ಎರಡೂ ಕೂಡಸಬ್ಯಾಡ್ರಿ.”

ಬೀಗರು ಎದ್ದು ಹೋದರು. ಸರ್ ಅವರ ಹಣೆ ಅಂದು ಬರಿದಾಗಿತ್ತು, ಕೈ ಏಳುತ್ತಿರಲಿಲ್ಲ. ವಿಭೂತಿ ಹಚ್ಚು ಎಂದು ಪಕ್ಕದಲ್ಲೇ ಇದ್ದ ಹಸನ್‌ಸಾಬನಿಗೆ ಹೇಳಿದರು. ಆತ ಊರುಗೋಲನ್ನು ಗೋಡೆಗೆ ಆನಿಸಿ, ಒಂಟಿಗಾಲಲ್ಲಿ ಬಗ್ಗಿ ಹಚ್ಚಿದ. ಗೆರೆ ಸೊಟ್ಟಗಾಯಿತು, ಅಳಿಸಲು ಹೋದ.

“ಇರಲಿ ಬಿಡು,” ಎಂದರು ಸರ್. “ನಾ ಹೇಳಿ ಬರಸಿದ್ದು.”