ತಜಂಕಿನ ಎಲೆ ಮಲಗುವ ತನಕ

ಮಗಳಿಗೆ ಎಂಟು ತುಂಬುವ ಹೊತ್ತಿಗೆ ನಾವು ಅವಳನ್ನು ಶಾಲೆ ಬಿಡಿಸಿದೆವು. ಬೆಳಿಗ್ಗೆ ಯೂನಿಫಾರ್ಮ್ ಕಂಡರೆ ಸಾಕು, ಹೊಟ್ಟೆ ಹಿಡಿದುಕೊಂಡು ಬಾತ್‌ರೂಮಿಗೆ ಓಡುತ್ತಿದ್ದಳು; ಕುಡಿದ ಹಾಲೆಲ್ಲ ಹೊರಗೆ. ಕಲ್ಯಾಣದ ಇಬ್ಬರು ಡಾಕ್ಟರರು ಹೊಟ್ಟೆಯಲ್ಲಿ ಏನೂ ಇಲ್ಲ ಎಂದರು. ಏನಾಯಿತು ಎಂದು ಕೇಳಿದರೆ ಅವಳು ಬಾಯಿ ಬಿಡಲಿಲ್ಲ. ಕೊನೆಗೆ ನಾನೂ ನನ್ನ ಗಂಡನೂ ಮನೆಯಲ್ಲೇ ಕಲಿಸೋಣ ಎಂದು ತೀರ್ಮಾನಿಸಿದೆವು.

ಡೊಂಬಿವಲಿಯ ನಮ್ಮ ಮನೆಯಲ್ಲಿ ಅದನ್ನು ಒಪ್ಪದವರು ಒಬ್ಬರೇ, ನನ್ನ ಮಾವ. ಉಡುಪಿ ಕಡೆಯ ಹಳ್ಳಿಯಿಂದ ಚಿಕ್ಕವರಿರುವಾಗಲೇ ಮುಂಬೈಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವರು. ಊರಿನಲ್ಲಿ ಬಡತನದಿಂದಾಗಿ ಶಾಲೆ ಬಿಡಬೇಕಾಯಿತು ಎಂದು ನಮಗೆಲ್ಲ ಎಷ್ಟೋ ಸಲ ಹೇಳಿದ್ದರು.

“ಶಾಲೆಗೋಸ್ಕರ ನಾನು ಎಷ್ಟು ಕಷ್ಟಪಟ್ಟಿದ್ದೇನೆ! ನೀವು ಇದ್ದ ಶಾಲೆ ಬಿಡಿಸ್ತೀರಿ. ಇದೆಂತ ಬುದ್ಧಿ?”

ನಾನು ಧಾರವಾಡ ಕಡೆಯವಳು. ಅವರ ತುಳು ನನಗೆ ಬಾರದು, ನನ್ನ ಮಾತಿನ ಧಾಟಿ ಅವರಿಗೆ ಹಿಡಿಸದು. “ಒಂದ್ ವರ್ಷ ನೋಡೂಣ್ರೀ ಮಾವಾ” ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದೆ.

ಮಕ್ಕಳನ್ನು ಮನೆಯಲ್ಲೇ ಓದಿಸುವ ಐದಾರು ಕುಟುಂಬಗಳು ಆಗ ಪ್ರತಿ ಬುಧವಾರ ಥಾಣೆಯ ಒಂದು ಪಾರ್ಕಿನಲ್ಲಿ ಸೇರುತ್ತಿದ್ದವು. ಥಾಣೆಯವರೇ ಒಬ್ಬಿಬ್ಬರು, ಕಲ್ವಾದಿಂದ ಒಬ್ಬರು, ನವಿ ಮುಂಬೈಯಿಂದ ಇಬ್ಬರು, ಡೊಂಬಿವಲಿಯಿಂದ ನಾವು. ನಿವೃತ್ತ ಜೀವಶಾಸ್ತ್ರ ಟೀಚರ್ ಒಬ್ಬರು ಮಕ್ಕಳಿಗೆ ಗಿಡ, ಹುಳ, ಹಕ್ಕಿ ತೋರಿಸುತ್ತಿದ್ದರು. ಮರಾಠಿ ಹೆಂಗಸು, ಮಕ್ಕಳೆಲ್ಲ ಅವರನ್ನು ಚಿಕ್ಕಮ್ಮ ಎನ್ನುವಂತೆ ‘ಮಾವಶಿ’ ಎಂದು ಕರೆಯುತ್ತಿದ್ದರು.

ಒಂದು ಬುಧವಾರ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ನಾನೂ ಬರ್ತೇನೆ. ಅದೆಂತ ಶಾಲೆ ಅಂತ ನೋಡಿಯೇ ಬಿಡುವ.”

ಆಷಾಢದ ಮಳೆ ಬಿಟ್ಟು ಬಿಟ್ಟು ಸುರಿಯುತ್ತಿತ್ತು. ಆಫೀಸಿನವರ ಗರ್ದಿ ಇಳಿದ ಮೇಲಿನ ಸ್ಲೋ ಲೋಕಲ್ ರೈಲು ಹಿಡಿದು ಥಾಣೆಯಲ್ಲಿಳಿದೆವು. ಪಾರ್ಕಿನಲ್ಲಿ ಮಾವಶಿ ಒಬ್ಬೊಬ್ಬ ಮಗುವಿಗೂ ನೆಲದ ಮೇಲೆ ದಾರ ಕಟ್ಟಿ ಒಂದೊಂದು ಚೌಕ ಮಾಡಿಕೊಟ್ಟರು. ಅದರೊಳಗೆ ಏನೇನಿದೆಯೋ ಎಲ್ಲವನ್ನೂ ಬರೆಯಬೇಕು. ಮಾವ ಒದ್ದೆ ಬೆಂಚನ್ನು ಕರ್ಚೀಫಿನಿಂದ ಒರೆಸಿ ಕುಳಿತು, ಪೇಪರ್ ಬಿಡಿಸಿದರು. ಓದುತ್ತಿರಲಿಲ್ಲ, ಅದರ ಮೇಲಿಂದ ನಮ್ಮನ್ನೇ ನೋಡುತ್ತಿದ್ದರು.

ನನ್ನ ಮಗಳ ಚೌಕ ಕಂಪೌಂಡಿನ ಪಕ್ಕ, ಮಾಲಿಯ ಕೈ ಬೀಳದ ಮೂಲೆಯಲ್ಲಿತ್ತು. ಎರೆಹುಳ ಬರೆದಳು, ಇರುವೆ ಬರೆದಳು, ಒಂದು ಗಿಡದ ಹೆಸರು ತಿಳಿಯಲಿಲ್ಲ. ಮಾವಶಿ ದೂರದಲ್ಲಿದ್ದರು. ಅವಳು ಬೆಂಚಿನ ಕಡೆ ತಿರುಗಿದಳು.

“ಅಜ್ಜಾ, ಇಸ್‌ಕಾ ನಾಮ್ ಕ್ಯಾ ಹೈ?”

ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಆದರೆ ಬಾಯಿಗೆ ಬರುತ್ತಿದ್ದುದು ಹಿಂದಿ. ಮಾವ ಎದ್ದು ಬಂದು ಬಗ್ಗಿ ನೋಡಿದರು. ಆಮೇಲೆ, ಪೂಜೆಗೂ ಕುರ್ಚಿಯ ಮೇಲೆ ಕೂರುವ ಮನುಷ್ಯ, ಆ ಒದ್ದೆ ನೆಲದಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು.

“ಇದು ತಜಂಕ್ ಅಲ್ವಾ! ಮಳೆಗಾಲದಲ್ಲಿ ನಮ್ಮಮ್ಮ ಇದರದ್ದೇ ಅಂಬಡೆ ಕರಿಯೋದು, ಇದರದ್ದೇ ಪಲ್ಯ. ಸಂಜೆ ಆದರೆ ಈ ಎಲೆ ಕೈ ಮುಗಿದ ಹಾಗೆ ಮಡಚಿ ಮಲಗ್ತದೆ.”

ಮಗಳು ಓಡಿಹೋಗಿ ಮಾವಶಿಯನ್ನು ಕರೆತಂದಳು. “ಹೌದು, ನಾವು ಟಾಕಳಾ ಅನ್ನುತ್ತೇವೆ” ಎಂದು ಅವರು ಮರಾಠಿಯಲ್ಲಿ ಹೇಳಿ ನಕ್ಕರು. “ಆದರೆ ಅಜ್ಜ ಹೇಳಿದರು ಅಂತ ಎಲೆ ಮಲಗುತ್ತದೆ ಎಂದು ಬರೆಯಬೇಡ. ನೀನೇ ನೋಡಿ ಬರೆ.”

ಆ ಮಾತು ಮಾವನಿಗೆ ತಾಗಿತು. ಹನ್ನೆರಡಕ್ಕೆ ವಾಚ್‌ಮನ್ ಸೀಟಿ ಊದಿ ಎಲ್ಲರನ್ನೂ ಹೊರಗೆ ಕಳಿಸಿದ. ಪಾರ್ಕಿನ ಗೇಟು ಮತ್ತೆ ತೆರೆಯುವುದು ನಾಲ್ಕಕ್ಕೆ. ಉಳಿದವರೆಲ್ಲ ಮನೆಗೆ ಹೊರಟರು. ನಾನೂ ರಿಕ್ಷಾಕ್ಕೆ ಕೈ ಮಾಡಿದೆ.

“ನೀನು ಬೇಕಾದರೆ ಹೋಗು,” ಎಂದರು ಮಾವ. “ನಾನೂ ಮಗುವೂ ನೋಡಿಯೇ ಬರುವುದು.”

ಹೀಗೆ ಮೂವರೂ ಉಳಿದೆವು. ಹತ್ತಿರದ ಹೋಟೆಲಿನಲ್ಲಿ ಊಟ ಮಾಡಿ, ಅಲ್ಲಿ ಕೂತು ಇಲ್ಲಿ ನಿಂತು ಹೊತ್ತು ಕಳೆದು, ನಾಲ್ಕಕ್ಕೆ ಗೇಟು ತೆರೆದಾಗ ಮೊದಲು ಒಳಗೆ ಹೋದವರು ನಾವೇ. ಎಲೆಗಳು ಅಗಲವಾಗಿ ತೆರೆದೇ ಇದ್ದವು. ಮಳೆ ಜೋರಾಯಿತು. ಪಕ್ಕದ ತಗಡಿನ ಚಪ್ಪರದ ಕೆಳಗೆ ಕಾದು ಕುಳಿತೆವು.

ಅಲ್ಲಿ ಮಗಳು ಹಿಂದಿಯಲ್ಲಿ ಕೇಳಿದಳು: ಅಜ್ಜಾ, ನಿಮ್ಮ ಶಾಲೆಯ ಹತ್ತಿರವೂ ಈ ಗಿಡ ಇತ್ತಾ?

ಮಾವ ಕೊಡೆಯ ನೀರು ಝಾಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಹೇಳಿದರು: “ತುಂಬ ಇತ್ತು. ಶಾಲೆಯ ಹಿಂದೆ ಒಂದು ದನದ ಹಟ್ಟಿ, ಅದರ ಗೋಡೆಯ ಬುಡದ ತುಂಬ ಇದೇ. ನಾನು ಅದರ ಹಿಂದೆ ಅಡಗಿ ಕೂತುಕೊಳ್ತಿದ್ದೆ. ಮಧ್ಯಾಹ್ನದ ಬೆಲ್ ಹೊಡೆದ ಮೇಲೆ ಮನೆಗೆ ಹೋಗೋದು.”

“ಕ್ಯೂಂ?”

“ಓದುವಾಗ ನಂಗೆ ಮಾತು ತಡೆಯುತ್ತಿತ್ತು, ಮಗಾ. ಮಾಸ್ಟ್ರು ಬೆಂಚಿನ ಮೇಲೆ ನಿಲ್ಲಿಸಿ ನನ್ನ ಹಾಗೆಯೇ ಮಾತಾಡಿ ತೋರಿಸ್ತಿದ್ದರು. ಬಡತನ ಇತ್ತು, ಅದು ಸುಳ್ಳಲ್ಲ. ಆದರೆ ನಾನು ಶಾಲೆ ಬಿಟ್ಟದ್ದು ಅದಕ್ಕಲ್ಲ. ಹೆದರಿಕೆ. ಬೆಳಿಗ್ಗೆ ಜ್ವರ ಬರ್ತಿತ್ತು, ನಿಜವಾದ ಜ್ವರ.”

ನಾನು ಬೆರಗಾಗಿ ಅವರ ಮುಖ ನೋಡಿದೆ. ಅವರ ಮಗನಿಗೂ ಈ ಸಂಗತಿ ಗೊತ್ತಿರಲಿಲ್ಲ.

ಮಗಳು ಮಳೆಯನ್ನೇ ನೋಡುತ್ತಿದ್ದಳು. ನಮ್ಮ ಕಡೆ ತಿರುಗದೆ, ಸಣ್ಣ ದನಿಯಲ್ಲಿ ಹೇಳತೊಡಗಿದಳು. ಒಂದು ದಿನ ಪೀರಿಯಡ್ ಮಧ್ಯೆ ಬಾತ್‌ರೂಮಿಗೆ ಹೋಗಬೇಕೆಂದು ಮೂರು ಸಲ ಕೇಳಿದ್ದಳಂತೆ. ಟೀಚರ್ ಬಿಡಲಿಲ್ಲವಂತೆ. ಸ್ಕರ್ಟು ಒದ್ದೆಯಾಯಿತಂತೆ, ಬೆಂಚೂ ಒದ್ದೆ. ಆರು ತಿಂಗಳು ನಾನು ಕೇಳಿ ಕೇಳಿ ಸೋತ ಪ್ರಶ್ನೆಗೆ ಉತ್ತರ ಇದು. ಅವಳನ್ನು ಎಳೆದು ಅಪ್ಪಿಕೊಳ್ಳಬೇಕೆನಿಸಿತು. ಮಾವ ಕಣ್ಣಲ್ಲೇ ನನ್ನನ್ನು ತಡೆದರು.

“ಎಷ್ಟು ಜನ ನಕ್ಕರು?” ಎಂದು ಕೇಳಿದರು.

“ಸಬ್.”

“ನಂಗೂ ಎಲ್ಲರೂ ನಕ್ಕದ್ದು.”

ಅವಳು ಸರಿದು ಅವರ ತೋಳಿಗೆ ಒರಗಿ ಕುಳಿತಳು.

ಆರೂವರೆಗೆ ಮಳೆ ನಿಂತಿತು. ಮೋಡದ ಕತ್ತಲೆ ಇಳಿಯುತ್ತಿತ್ತು. ಮೊದಲು ತುದಿಯ ಎರಡು ಎಲೆ, ಆಮೇಲೆ ಅದರ ಕೆಳಗಿನ ಜೋಡಿ, ನಿಧಾನವಾಗಿ ಒಂದಕ್ಕೊಂದು ಹತ್ತಿರವಾದವು. ಮಡಚುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಬೇರೆ ಕಡೆ ನೋಡಿ ಮತ್ತೆ ನೋಡಿದರೆ ಮಡಚಿರುತ್ತಿದ್ದವು. ಮಗಳು ಗಂಟೆ ಕೇಳಿ ಕೇಳಿ ಬರೆದುಕೊಂಡಳು. ಮಾವ ಅವಳ ನೋಟ್‌ಬುಕ್ಕಿನ ಮೇಲೆ ಮರದ ಹನಿ ಬೀಳದಂತೆ ಕೊಡೆ ಹಿಡಿದು ನಿಂತಿದ್ದರು.

ಅಂದು ಮನೆಗೆ ಬಂದವರೇ ನನ್ನ ಗಂಡನನ್ನು ಕರೆದು, “ಮಗುವಿನ ಶಾಲೆಗೆ ಅವಸರ ಮಾಡುವುದು ಬೇಡ” ಎಂದರು. ಕಾರಣವನ್ನು ಅವರು ಹೇಳಲಿಲ್ಲ, ನಾನೇ ಆಮೇಲೆ ಹೇಳಿದೆ.

ಮುಂದಿನ ಎರಡು ವರ್ಷ ಮಾವ ಒಂದು ಬುಧವಾರವನ್ನೂ ತಪ್ಪಿಸಲಿಲ್ಲ. ಉಳಿದ ಮಕ್ಕಳಿಗೂ ಅವರು ‘ಅಜ್ಜ’ ಆದರು. ಆ ದಿನಗಳ ಸ್ಲೋ ಲೋಕಲ್, ಖಾಲಿ ಬೋಗಿಯ ಕಿಟಕಿಯ ಗಾಳಿ, ಪಾರ್ಕಿನ ಹುಲ್ಲಿನ ಮೇಲೆ ಸಾಲಾಗಿ ತೆರೆದ ಟಿಫಿನ್‌ಗಳು, ಯಾರದೋ ಥಾಲಿಪೀಠ, ಯಾರದೋ ಇಡ್ಲಿ ನೆನಪಾದರೆ ಈಗಲೂ ಮನಸ್ಸು ಅಲ್ಲೇ ನಿಲ್ಲುತ್ತದೆ. ಆಮೇಲೆ ಒಬ್ಬರು ಪುಣೆಗೆ ಹೋದರು, ಮಾವಶಿಗೆ ನಡೆಯುವುದು ಕಷ್ಟವಾಯಿತು, ಗುಂಪು ಚದುರಿತು. ಮಾವ ತೀರಿಹೋಗಿ ಎರಡು ಮಳೆಗಾಲವಾಯಿತು. ಮಗಳು ಈಗ ಕಾಲೇಜಿನಲ್ಲಿದ್ದಾಳೆ.

ಹನ್ನೊಂದನೆಯ ವಯಸ್ಸಿನಲ್ಲಿ ಅವಳೇ ಶಾಲೆಗೆ ಹೋಗುತ್ತೇನೆ ಎಂದಿದ್ದಳು. ಮನೆ ಹತ್ತಿರದ ಒಂದು ಚಿಕ್ಕ ಶಾಲೆಗೆ ಸೇರಿಸಿದೆವು. ಮೊದಲ ದಿನ ಗೇಟಿನ ತನಕ ಬಿಟ್ಟು ಬಂದವರು ಮಾವ. ಬಂದವರು ತಿಂಡಿಯನ್ನೂ ಮುಟ್ಟದೆ ಫೋನಿನ ಪಕ್ಕ ಕುಳಿತರು. ಮಧ್ಯಾಹ್ನವಾಯಿತು. ಶಾಲೆಯಿಂದ ಫೋನ್ ಬರಲಿಲ್ಲ.

“ಇನ್ನು ಬಡಿಸು” ಎಂದರು.