ಬಸ್ ಕಾರ್ಡಿಗೆ ಮೀನು ಕೊಟ್ಟ ಕಾಮ್-ಮುಯ್

ನಮ್ಮ ಶಾವ್ ಕೇ ವಾನ್ ಮಾರುಕಟ್ಟೆಯಲ್ಲಿ ಮೊಕ್ ಕಾಮ್-ಮುಯ್‌ಳಷ್ಟು ಜಗಮೊಂಡಿ ಹೆಂಗಸು ಇನ್ನೊಬ್ಬಳಿಲ್ಲ. ಅವಳ ಮೀನಂಗಡಿಯ ಪಕ್ಕದಲ್ಲೇ ಇಷ್ಟು ವರ್ಷ ಸೊಪ್ಪು ಮಾರಿಕೊಂಡು ಬಂದಿರುವ ನನಗೆ ಈ ಮಾತು ಹೇಳುವ ಹಕ್ಕಿದೆ. ದೋಣಿಯಲ್ಲಿ ಹುಟ್ಟಿ ದೋಣಿಯಲ್ಲೇ ನಡೆಯಲು ಕಲಿತವಳು. ಮದುವೆಯಾಗಿ ನೆಲಕ್ಕೆ ಬಂದಳು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬಳೇ ಎಳೆದುಕೊಂಡು ಹೋದಳು. ಗಿರಾಕಿಗಳನ್ನು ಬೈದೇ ಮೀನು ಮಾರುತ್ತಾಳೆ. ಬೈಸಿಕೊಂಡವರು ಮರುದಿನ ತಪ್ಪದೆ ಬರುತ್ತಾರೆ, ಅದೇನು ಮೋಡಿಯೋ.

ಒಂದು ಬೇಸಿಗೆಯಲ್ಲಿ ಮೀನಿನ ಮುಳ್ಳು ಅವಳ ಎಡಗೈಗೆ ಚುಚ್ಚಿ ನಂಜೇರಿತು. ಆಸ್ಪತ್ರೆಯವರು ಕೈ ಉಳಿಸಿದರು, ಆದರೆ ಹೆಬ್ಬೆರಳು, ತೋರುಬೆರಳು ಮರಗಟ್ಟಿಹೋದವು. ಅಂಗೈಯಿಂದ ಮೀನನ್ನು ಒತ್ತಿ ಹಿಡಿದು ಬಲಗೈಯಲ್ಲಿ ಕತ್ತಿ ಬೀಸುವುದಕ್ಕೆ ತೊಂದರೆಯಿರಲಿಲ್ಲ. ಆಗದೆ ಹೋದದ್ದು ಎಡಗೈಯಿಂದ ಚಿಲ್ಲರೆ ಕೊಡುವುದು. ಒಬ್ಬೊಬ್ಬ ಗಿರಾಕಿಗೂ ಕತ್ತಿ ಕೆಳಗಿಟ್ಟು, ಬಲಗೈ ಒರೆಸಿಕೊಂಡು, ತಲೆಯ ಮೇಲೆ ಹಗ್ಗದಲ್ಲಿ ತೂಗುವ ದುಡ್ಡಿನ ಬಕೆಟ್ಟನ್ನು ಕೆಳಗೆಳೆದು ಅದರಲ್ಲಿ ತಡಕಾಡಬೇಕು. ಅಷ್ಟು ಹೊತ್ತಿಗೆ ಹಿಂದೆ ನಿಂತವರು ಬೇರೆ ಅಂಗಡಿ ಸೇರಿಕೊಂಡಿರುತ್ತಿದ್ದರು.

ಗಂಡನ ಅಣ್ಣ ಸಿಯು ಪಾಕ್ ಒಂದು ದಿನ ಬಂದು ನಿಂತ.

"ಈ ಕೈ ಇಟ್ಕೊಂಡು ಅಂಗಡಿ ಯಾಕಮ್ಮಾ? ಹೊಸ ವರ್ಷದವರೆಗೆ ನೋಡು. ಆಗ್ಲಿಲ್ವಾ, ನನಗೆ ಬಿಟ್ಬಿಡು. ಮೂಲೇಲಿ ಒಂದು ಸ್ಟೂಲ್ ಹಾಕ್ತೀನಿ, ಸೀಗಡಿ ಸುಲ್ಕೊಂಡು ಕೂತಿರು."

"ಸೀಗಡಿ ಸುಲಿಯೋಕೂ ಬೆರಳು ಬೇಕು ಭಾವ," ಎಂದಳು ಕಾಮ್-ಮುಯ್. ಅವನು ಹೋದ ಮೇಲೆ ಎಷ್ಟೋ ಹೊತ್ತು ಯಾರನ್ನೂ ಬೈಯಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮುಂದಿನ ವಾರ ಅವಳ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಸುತ್ತಿದ ಒಂದು ಯಂತ್ರ ಕೂತಿತ್ತು, ಬಸ್ಸಿನ ಬಾಗಿಲಲ್ಲಿ ಕಾರ್ಡು ಮುಟ್ಟಿಸಿದರೆ ದುಡ್ಡು ಹಿಡಿದುಕೊಳ್ಳುವುದು ಇರುತ್ತದಲ್ಲ, ಅಂಥದ್ದೇ.

"ಬಸ್ ಕಾರ್ಡಲ್ಲಿ ಮೀನು ಮಾರ್ತೀಯಾ? ನಿನ್ನ ಮೀನು ಯಾವ ಸ್ಟಾಪಲ್ಲಿ ಇಳಿಯುತ್ತೆ?" ಎಂದು ಕೆಣಕಿದೆ.

"ನಿನ್ನ ಬಾಯಿ ಮುಚ್ಚೋ ಸ್ಟಾಪಲ್ಲಿ. ಎಲ್ಲರ ಪರ್ಸಲ್ಲೂ ಕಾರ್ಡು ಆಗಲೇ ಇದೆ ಕಣೋ ಶೆಕ್. ನಾನೇನು ಹೊಸದಾಗಿ ಕಲಿಸ್ಬೇಕಾ? ಬಸ್ಸಿಂದ ಇಳಿದ ಕೈಯನ್ನ ಇಲ್ಲೀವರೆಗೆ ಎಳ್ಕೊಂಡು ಬಂದ್ರೆ ಸಾಕು."

ಆಫೀಸಿನಿಂದ ಬರುವ ಹುಡುಗಿಯರು ಪರ್ಸನ್ನು ತೆರೆಯದೆ ಯಂತ್ರಕ್ಕೆ ಮುಟ್ಟಿಸಿ ಹೋದರು. ಆದರೆ ಬೆಳಗಿನ ವ್ಯಾಪಾರವೆಲ್ಲ ಅಜ್ಜಿಯರದು. ಅವರಿಗೆ ಬಸ್ಸಿನ ದುಡ್ಡು ಬೇರೆ, ಮೀನಿನ ದುಡ್ಡು ಬೇರೆ. ನಮ್ಮಲ್ಲಿ ಮೀನು ಕೊಂಡವರಿಗೆ ಒಂದಿಷ್ಟು ಈರುಳ್ಳಿ ಸೊಪ್ಪು, ಶುಂಠಿ ಬಿಟ್ಟಿ ಕೊಡುವ ರೂಢಿ. ಕಾಮ್-ಮುಯ್ ನನ್ನ ಅಂಗಡಿಯ ಈರುಳ್ಳಿ ಸೊಪ್ಪನ್ನೆಲ್ಲ ಕೊಂಡು ಮುಂದೆ ಹರವಿಕೊಂಡು ಕೂಗಿದಳು: "ಕಾರ್ಡ್ ಮುಟ್ಟಿಸಿದವರಿಗೆ ಸೊಪ್ಪು! ಚಿಲ್ಲರೆ ಕೇಳಿದವರಿಗೆ ಬೈಗುಳ!"

ಸೊಪ್ಪಿನ ಸುದ್ದಿ ಹಿಂದಿನ ಬೀದಿಯ ಹಳೇ ಕಟ್ಟಡಗಳಿಗೆಲ್ಲ ಹಬ್ಬಿತು. ಒಂದು ಬೆಳಿಗ್ಗೆ ಹಳೇ ಗಿರಾಕಿ ತುಂಗ್ ಅಜ್ಜಿ ತನ್ನ ವಯಸ್ಸಿನವರ ದೊಡ್ಡ ದಂಡನ್ನೇ ಕಟ್ಟಿಕೊಂಡು ಬಂದಳು. ಒಂದು ಮೀನು ಆರಿಸಿ, ಕಾರ್ಡು ಮುಟ್ಟಿಸಿ, ಯಂತ್ರದಲ್ಲಿ ಮೂಡಿದ ಬೆಲೆ ನೋಡಿ ಕಿರುಚಿದಳು.

"ಪೂರ್ತಿ ಹಿಡ್ಕೊಂಡ್ಬಿಟ್ಯಲ್ಲೇ! ಇದು ಹಿರಿಯರ ಕಾರ್ಡು! ಬಸ್ಸಲ್ಲಿ ಅರ್ಧ, ದೋಣೀಲಿ ಅರ್ಧ, ನಿನ್ನ ಹತ್ರ ಮಾತ್ರ ಪೂರ್ತಿನಾ?"

ಹಿಂದಿದ್ದ ಅಜ್ಜಿಯರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಅಷ್ಟೂ ಜನ ಅರ್ಧ ಬೆಲೆಯ ಆಸೆಗೇ ಬಂದಿದ್ದರು! ನನಗೆ ನಗು ತಡೆಯಲಾಗಲಿಲ್ಲ. ಕಾಮ್-ಮುಯ್ ಮುಖ ಮಾತ್ರ ಬಿಳುಚಿಕೊಂಡಿತು. ಇಲ್ಲವೆಂದರೆ ಇವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ, ಹೂಂ ಎಂದರೆ ಅಂಗಡಿ ಮುಳುಗುತ್ತದೆ.

"ಅಜ್ಜಿ, ಮೊನ್ನೆ ಒಯ್ದ ಮೀನು ತಿಂದು ಮುಗಿಸಿದ್ರಾ?" ಎಂದು ಕೇಳಿದಳು.

"ಒಬ್ಳೇ ಇರೋಳು, ಎಲ್ಲಿ ಮುಗಿಯುತ್ತೆ? ಎರಡು ದಿನ ಅದನ್ನೇ ಬಿಸಿ ಮಾಡ್ಕೊಂಡು ತಿಂದೆ."

ಕಾಮ್-ಮುಯ್ ಕತ್ತಿ ಎತ್ತಿದಳು. ಒಂದೇ ಏಟಿಗೆ ಮೀನು ಎರಡಾಯಿತು. "ತಗೊಳ್ಳಿ, ಅರ್ಧ ಬೆಲೆಗೆ ಅರ್ಧ ಮೀನು. ಇನ್ನರ್ಧದ ದುಡ್ಡು ಹಿಂದಿರೋರು ನಿಮಗೆ ಕೊಡ್ತಾರೆ. ತಲೆ ಯಾರಿಗೆ, ಬಾಲ ಯಾರಿಗೆ ನೀವೇ ಜಗಳ ಆಡ್ಕೊಳ್ಳಿ."

ಅಷ್ಟು ಸಣ್ಣ ಮೀನನ್ನು ನಮ್ಮ ಬೀದಿಯಲ್ಲಿ ಯಾರೂ ಕಡಿದು ಮಾರುತ್ತಿರಲಿಲ್ಲ, ಕೇಳಲು ಗಿರಾಕಿಗಳಿಗೂ ನಾಚಿಕೆ. ತುಂಗ್ ಅಜ್ಜಿ ಎರಡೂ ತುಂಡುಗಳನ್ನು ಎತ್ತಿ ತೂಗಿ ನೋಡಿದಳು. ಆಮೇಲೆ "ಪಾಕಡಾ ಕಣೇ ನೀನು!" ಎಂದು ನಕ್ಕುಬಿಟ್ಟಳು. ಅವಳು ನಕ್ಕದ್ದೇ ತಡ, ಉಳಿದವರು ಜೋಡಿ ಹುಡುಕತೊಡಗಿದರು. ಮರುದಿನದಿಂದ ಅಜ್ಜಿಯರು ಇಬ್ಬಿಬ್ಬರಾಗಿ ಬಂದರು, ಇಬ್ಬರೂ ಕಾರ್ಡು ಮುಟ್ಟಿಸಿದರು. ಬಕೆಟ್ಟು ಮೇಲೆಯೇ ತೂಗುತ್ತಿತ್ತು.

ಹೊಸ ವರ್ಷದ ಹಿಂದಿನ ದಿನ ನನಗೆ ಮತ್ತೆ ಅಳುಕು ಶುರುವಾಯಿತು. ಅವತ್ತಿನ ಊಟಕ್ಕೆ ತಲೆ, ಬಾಲ ಎಲ್ಲ ಇರುವ ಇಡೀ ಮೀನೇ ಆಗಬೇಕು, ಕಡಿದದ್ದನ್ನು ಯಾರೂ ತಟ್ಟೆಗಿಡುವುದಿಲ್ಲ. ಒಂಟಿ ಅಜ್ಜಿಯರು ಬರುವುದಿಲ್ಲ ಎಂದುಕೊಂಡೆ. ಸಿಯು ಪಾಕ್ ಕೊಟ್ಟ ಗಡುವು ಬೇರೆ ಮುಗಿದಿತ್ತು, ಬಂದು ಖಾಲಿ ಅಂಗಡಿ ನೋಡುತ್ತಾನೆ.

ಬಂದರು. ಅಜ್ಜಿಯರು ಜೋಡಿ ಜೋಡಿಯಾಗಿಯೇ ಬಂದರು.

"ಕಡೀಬೇಡ!" ಎಂದು ದೂರದಿಂದಲೇ ಕೂಗಿದಳು ತುಂಗ್ ಅಜ್ಜಿ. "ಈ ಸಲ ಇಬ್ರೂ ಒಂದೇ ಮೇಜಲ್ಲಿ ಕೂತು ಉಣ್ತೀವಿ. ದುಡ್ಡು ಮಾತ್ರ ಅರ್ಧರ್ಧ ಹಿಡಿ."

ಸಿಯು ಪಾಕ್ ಬಂದಾಗ ಸಾಲು ನನ್ನ ಅಂಗಡಿಯನ್ನೂ ದಾಟಿತ್ತು. ಅವನು ಮುಂದೆ ನುಗ್ಗಲು ನೋಡಿದ. ಅಜ್ಜಿಯರು ಬಿಡುತ್ತಾರೆಯೇ? "ಏನಪ್ಪಾ, ನಾವೇನು ಇಲ್ಲಿ ಬೇಲಿ ಗೂಟಗಳಾ? ಹಿಂದೆ ಹೋಗು!" ಹೋಗಿ ನಿಂತ. ತನ್ನ ಸರದಿ ಬಂದಾಗ ಗಂಟಲು ಸರಿಮಾಡಿಕೊಂಡು, "ಅಂಗಡಿ ವಿಷಯ ಮಾತಾಡೋಣ ಅಂತ ಬಂದೆ," ಎಂದ.

"ಅಂಗಡಿ ನಂದು ಭಾವ. ಅದರಲ್ಲಿ ಮಾತಾಡೋದು ಏನೂ ಇಲ್ಲ. ಮೀನು ಯಾವುದು ಬೇಕು ಹೇಳಿ, ಹಿಂದೆ ಜನ ಕಾಯ್ತಿದಾರೆ."

ಎಡ ಅಂಗೈಯಿಂದ ಮೀನನ್ನು ಒತ್ತಿ ಹಿಡಿದೇ ಹೇಳಿದಳು. ಸಿಯು ಪಾಕ್ ಅವಳ ಎಡಗೈಯನ್ನು ನೋಡಿದ, ತಿರುಗಿ ಸಾಲನ್ನು ನೋಡಿದ. ಆಮೇಲೆ ನೀರಿನಲ್ಲಿದ್ದ ದೊಡ್ಡ ಮೀನಿನತ್ತ ಬೆರಳು ತೋರಿಸಿ, ಪರ್ಸು ತೆಗೆದು ಯಂತ್ರಕ್ಕೆ ಮುಟ್ಟಿಸಿದ.

"ಊಟಕ್ಕೆ ನಮ್ಮನೆಗೇ ಬಾ," ಎಂದ ಮೆಲ್ಲಗೆ. "ನಿಮ್ಮಕ್ಕ ಕಾಯ್ತಿರ್ತಾಳೆ."

"ಬರ್ತೀನಿ ಭಾವ," ಎಂದಳು ಕಾಮ್-ಮುಯ್, ಮುಂದಿನವರ ಮೀನಿಗೆ ಕೈ ಹಾಕುತ್ತ. "ಅಂಗಡಿ ಮುಚ್ಕೊಂಡು ಬರ್ತೀನಿ."