ಮಾಯಾ ಟೀಚರರ ‘ರಿ’

ಭಾಲ್ಕಿಯ ಮಹಾಮಾಯಾಳ ಹೆಸರಿನಲ್ಲಿದ್ದ ‘ಮಹಾ’ವನ್ನು ಕಂಪನಿಯವರು ಮೊದಲ ದಿನವೇ ಕಿತ್ತುಕೊಂಡರು. ಜಪಾನಿನಲ್ಲಿ ಮಾಯಾ ಎಂಬ ಹೆಸರು ಉಂಟಂತೆ, ಪರದೆಯ ಮೇಲೆ ಅಷ್ಟೇ ಸಾಕಂತೆ. ಆಕೆಗೆ ಬೇಸರವೇನೂ ಆಗಲಿಲ್ಲ. ಔರಾದದ ಶಾಲೆಯೊಂದರಲ್ಲಿ ಐದು ವರ್ಷ ಅತಿಥಿ ಶಿಕ್ಷಕಿಯಾಗಿದ್ದವಳು. ವರ್ಷಕ್ಕೊಮ್ಮೆ ಹೊರಗೆ ಕಳಿಸಿ ಮತ್ತೆ ಒಳಗೆ ಕರೆಯುವ ಆ ಆತಿಥ್ಯಕ್ಕಿಂತ ಹೆಸರು ಗಿಡ್ಡವಾಗುವುದೇ ವಾಸಿ ಎನಿಸಿತ್ತು.

ಜಪಾನಿನ ಆ ಶಾಲೆ ತನ್ನ ಇಂಗ್ಲಿಷ್ ಪಾಠವನ್ನು ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿತ್ತು. ಅದು ಇನ್ನೊಂದಕ್ಕೆ, ಇನ್ನೊಂದು ಬೀದರಿನ ಆಸಿಫನಿಗೆ, ಆಸಿಫ ಮಹಾಮಾಯಾಳಿಗೆ. ಹೀಗೆ ಕೈದಾಟಿ ಬಂದ ಪಾಠ ಭಾಲ್ಕಿಯ ಅಡುಗೆಮನೆಯಲ್ಲಿ ಕುಳಿತಿತ್ತು, ಸಿಗ್ನಲ್ ಸಿಗುವುದು ಅಲ್ಲೇ. ಬೆಳಗಿನ ಐದೂಕಾಲಿಗೆ, ಜೋಳದ ಹಿಟ್ಟಿನ ಡಬ್ಬಿ ಕಾಣದಂತೆ ಹಿಂದೆ ಸೀರೆ ಕಟ್ಟಿ, ಆಕೆ ಪಾಠ ಶುರುಮಾಡುತ್ತಿದ್ದಳು.

ಅತ್ತೆ ಗಿರಿಜಾಬಾಯಿಗೆ ಹೆಮ್ಮೆಯೋ ಹೆಮ್ಮೆ. “ಬುದ್ಧನ ಮಂದಿಗಿ ಪಾಠ ಹೇಳ್ತಾಳ ನಮ್ಮ ಸೊಸಿ,” ಎಂದು ಓಣಿಗೆಲ್ಲ ಸಾರಿದ್ದಳು. “ಆ ಕೂಸುಗಳಿಗಿ ಜೈ ಭೀಮ ಅನ್ಲಿಕ್ಕ ಕಲಿಸ್ದೇನು?”

“ಇನ್ನಾ ಗುಡ್ ಮಾರ್ನಿಂಗದಾಗೇ ಅದಾವ್ರಿ ಅತ್ತಿ.”

ಎಡವಟ್ಟಾದದ್ದೂ ಅಲ್ಲಿಯೇ. ಈ ಸೀಮೆಯ ನಾಲಿಗೆಗೆ ‘ರಿ’ ಹಚ್ಚದೆ ಮಾತು ಮುಗಿದಂತೆ ಅನಿಸುವುದಿಲ್ಲ. ಮಹಾಮಾಯಾ “ಗುಡ್ ಮಾರ್ನಿಂಗ್ ರಿ” ಎಂದಳು. ಎದ್ದುನಿಂತ ಮೂವತ್ತು ಮಕ್ಕಳು ತಲೆಬಾಗಿ “ಗುದ್ದೊ ಮೋನಿಂಗು ರಿ” ಎಂದವು. ಟೀಚರು ನಮಸ್ಕಾರ ಒಪ್ಪಿಕೊಂಡ ಮೇಲೆಯೇ ಕೂರುವುದು ಅಲ್ಲಿಯ ರಿವಾಜು. ಎರಡು ತಿಂಗಳಲ್ಲಿ ಥ್ಯಾಂಕ್ಯೂ ರಿ, ಆ್ಯಪಲ್ ರಿ, ಎಲ್ಲಕ್ಕೂ ಬೀದರಿನ ಮರ್ಯಾದೆ ಬಂದುಬಿಟ್ಟಿತು.

ಆಸಿಫನ ಫೋನು ಬಂತು. “ಮೇಡಮ್, ಜಪಾನದಿಂದ ಕಂಪ್ಲೇಂಟ್ ಬಂದದ್ರಿ. ಮಾತ್ಮಾತಿಗಿ ರಿ ಅಂತೀರಂತ್ರಿ. ಮಾರ್ಚದಾಗ ಗುತ್ತಿಗಿ ಮುಗೀತದ, ಮುಂದ ಕೆಲಸ ಉಳೀಬೇಕಂದ್ರ ಅದನ್ನ ಬಿಡ್ರಿ.”

“ಈಗ ನೀವೇ ಎಷ್ಟ್ ಸಲ ಅಂದ್ರಿ, ಆಸಿಫಭಾಯ್?”

“ನಾ ಪಾಠ ಹೇಳಲ್ರಿ!”

ಕೆಲಸ ಉಳಿಯಬೇಕಿತ್ತು. ಮತ್ತೆ ಔರಾದದ ಅತಿಥಿಯಾಗುವ ಮನಸ್ಸಿರಲಿಲ್ಲ. ಆಕೆ ನಾಲಿಗೆಯ ಕೆಳಗೆ ಲವಂಗ ಇಟ್ಟುಕೊಂಡಳು. ‘ರಿ’ ಜಾರಿದರೆ ಕಚ್ಚುವುದು. ಚಳಿಗಾಲ ಮುಗಿಯುವಷ್ಟರಲ್ಲಿ ಬಾಯೆಲ್ಲ ಉರಿದು ‘ರಿ’ ಹೋಯಿತು. ಹೋಗುವಾಗ ಮನೆಯಿಂದಲೂ ಹೋಯಿತು.

“ಅತ್ತಿ, ಉಣ್ಣಬಾ.”

ಗಿರಿಜಾಬಾಯಿ ತಿರುಗಿ ನೋಡಿದಳು. “ಯಾರಿಗಿ ಕರದಿ? ನನಗೋ, ಬೆಕ್ಕಿಗೋ?”

ಫೆಬ್ರುವರಿಯಲ್ಲಿ ಆಸಿಫ ಬೀದರಿಗೆ ಕರೆಸಿ, ಮುಚ್ಚಿದ ಕೋಣೆಯಲ್ಲಿ ಎರಡು ದಿನ ನಾನೂರು ವಾಕ್ಯ ಓದಿಸಿ ರೆಕಾರ್ಡ್ ಮಾಡಿಕೊಂಡ. ನಮೂನೆಗಾಗಿ ಎಂದು ಹೇಳಿ ಒಂದು ಕಾಗದಕ್ಕೆ ಸಹಿ ತೆಗೆದುಕೊಂಡ. ಒಂದೇ ಒಂದು ‘ರಿ’ ಬೀಳಲಿಲ್ಲ. ಇನ್ನು ಕೆಲಸ ಖಾಯಂ ಎಂದುಕೊಂಡು ಆಕೆ ಬಸ್ಸು ಹತ್ತಿದಳು. ಆದರೆ ದಾರಿಯುದ್ದಕ್ಕೂ ಆ ಕೋಣೆಯಲ್ಲಿ ಏನೋ ಬಿಟ್ಟುಬಂದಂತೆ ಅನಿಸಿ, ಮೂರು ಸಲ ಚೀಲ ತಡಕಾಡಿದಳು. ಛತ್ರಿ ಇತ್ತು, ಕನ್ನಡಕ ಇತ್ತು.

ಮಾರ್ಚ್ ಕೊನೆಗೆ ಆಸಿಫ ಬಹಳ ಮೆತ್ತಗೆ ಮಾತಾಡಿದ. “ಪಾಠ ನಡೀತದ್ರಿ ಮೇಡಮ್. ನಿಮ್ಮ ದನಿನೂ ಇರ್ತದ್ರಿ, ಮಷೀನ ಮಾತಾಡ್ತದ. ನೀವಷ್ಟ ಬ್ಯಾಡಂತ್ರಿ.”

ಏಪ್ರಿಲಿನ ಒಂದು ಬೆಳಗ್ಗೆ, ಐದೂಕಾಲಿಗೆ, ರೂಢಿಯಂತೆ ಎಚ್ಚರವಾಯಿತು. ಹಳೆಯ ಲಿಂಕನ್ನು ಆಸಿಫ ತೆಗೆಯಲು ಮರೆತಿದ್ದ. ಆಕೆ ಸುಮ್ಮನೆ ಒತ್ತಿದಳು. ಅದೇ ಕೋಣೆ, ಅವೇ ಮಕ್ಕಳು, ತುಸು ಎತ್ತರವಾಗಿದ್ದವು.

“ಗುಡ್ ಮಾರ್ನಿಂಗ್, ಚಿಲ್ಡ್ರನ್,” ಎಂದಳು ಮಹಾಮಾಯಾ. ತುಟಿ ಮಾತ್ರ ಅಲುಗಿರಲಿಲ್ಲ.

ಚಹಾ ತಂದ ಗಿರಿಜಾಬಾಯಿ ಬಾಗಿಲಲ್ಲೇ ನಿಂತಳು. “ನೀ ಬಾಯಿ ಮುಚ್ಚಿ ಕುಂತಿ. ಮತ್ತ ಮಾತಾಡ್ಲತ್ತಾಕಿ ಯಾರ?”

ಮಕ್ಕಳು ತಲೆಬಾಗಿದವು. “ಗುದ್ದೊ ಮೋನಿಂಗು ರಿ.”

ಯಂತ್ರಕ್ಕೆ ‘ರಿ’ ತಿಳಿಯಲಿಲ್ಲ. “ಸೇ ಇಟ್ ಅಗೇನ್,” ಎಂದಿತು, ಆಕೆಯದೇ ದನಿಯಲ್ಲಿ, ಆಕೆಯದೇ ಅಕ್ಕರೆಯಲ್ಲಿ. ಮಕ್ಕಳು ಮತ್ತೆ ಅಂದವು. ಸೇ ಇಟ್ ಅಗೇನ್. ಮತ್ತೆ ಬಾಗಿದವು. ಯಾರೂ ಕೂರುವಂತಿರಲಿಲ್ಲ.

ಮಹಾಮಾಯಾ ಪರದೆಗೆ ಮುಖ ಹತ್ತಿರ ತಂದಳು. ಪಾಠದ ಮೈಕು ಈಗ ಯಂತ್ರದ್ದು, ಅತ್ತ ಕೇಳಿಸುವುದಿಲ್ಲವೆಂದು ಗೊತ್ತಿತ್ತು.

“ಸಾಕ ಬಿಡ್ರಿ. ಕೂಡ್ರಿ.”

“ಯಾರಿಗಿ ಅಂದಿ?” ಎಂದಳು ಗಿರಿಜಾಬಾಯಿ, ಪಿಸುದನಿಯಲ್ಲಿ.

“ಮಕ್ಕಳಿಗ್ರಿ, ಅತ್ತಿ.”

ಮಕ್ಕಳು ನಿಂತೇ ಇದ್ದವು.